ಬೆನ್ನಿನ ಭಾರ ಕ್ಯಾರಿಯರ್‌ಗೆ ಇಳಿದಾಗ

ಕಳೆದ ಮಳೆಗಾಲದ ಒಂದು ಸಂಜೆ. ಎದುರು ಮನೆಯ ಹುಡುಗ ತನ್ನ ಹೊಸ ಎಲೆಕ್ಟ್ರಿಕ್ ಸೈಕಲ್ಲನ್ನು ತಳ್ಳಿಕೊಂಡು ಬಂದ. ಹಿಂದೆಯೇ ಅವನ ತಂಗಿ, ಒಂದೇ ಕಾಲಿನಲ್ಲಿ ಚಪ್ಪಲಿ. ಇನ್ನೊಂದು ಚಪ್ಪಲಿ ಹಿಂದಿನ ಚಕ್ರದ ಕಡ್ಡಿಗಳ ನಡುವೆ ಸಿಕ್ಕಿ ಎರಡು ತುಂಡಾಗಿತ್ತು. ಸೀಟಿನ ಹಿಂದೆ ನೆಟ್ಟಗೆ ಇರಬೇಕಾಗಿದ್ದ ಕ್ಯಾರಿಯರ್ ಹಿಂದಕ್ಕೆ ವಾಲಿ ಮಲಗಿತ್ತು.

‘ಏನಾಯಿತೋ?’ ಎಂದೆ.

‘ಏನಿಲ್ಲ ಅಂಕಲ್, ಒಂದು ಬೋಲ್ಟು ಬಿತ್ತು, ಅಷ್ಟೆ.’

ಅಷ್ಟೆ! ಬೋಲ್ಟು ಬಿದ್ದದ್ದು ಶಾಲೆಯ ಹತ್ತಿರದ ಇಳಿಜಾರಿನಲ್ಲಿ. ಚಪ್ಪಲಿ ಸಡಿಲವಾಗಿತ್ತು, ಸರಕ್ಕನೆ ಕಳಚಿಕೊಂಡಿತು. ಅದರಿಂದಾಗಿ ಹುಡುಗಿಯ ಪಾದ ಉಳಿಯಿತು. ಅವಳು ಪಟ್ಟಿ ಬಿಗಿದ ಶೂ ಹಾಕಿಕೊಂಡಿದ್ದರೆ ಅಣ್ಣ ತಂಗಿ ಇಬ್ಬರೂ ಆ ಸಂಜೆ ಮನೆಗೆ ಬರುವ ಬದಲು ಆಸ್ಪತ್ರೆಗೆ ಹೋಗಿರುತ್ತಿದ್ದರು.

ಇದು ಒಂದು ಮನೆಯ ಕಥೆಯಲ್ಲ. ಪಿಯುಸಿ ಓದುವ ಮಕ್ಕಳ ಕೈಗೆ ಈಗ ಎಲೆಕ್ಟ್ರಿಕ್ ಸೈಕಲ್ ಬರುತ್ತಿದೆ. ಕಾರಣ ಸರಳ. ಸ್ಕೂಟರಿಗೆ ಲೈಸೆನ್ಸ್ ಬೇಕು, ಮಗನಿಗೆ ಇನ್ನೂ ವಯಸ್ಸಾಗಿಲ್ಲ. ಎಲೆಕ್ಟ್ರಿಕ್ ಸೈಕಲ್ಲಿಗೆ ಆ ಗೊಡವೆ ಇಲ್ಲ. ಮೋಟಾರಿನ ಶಕ್ತಿ 250 ವಾಟ್‌ಗಿಂತ ಕಡಿಮೆ ಇದ್ದು, ವೇಗ ಗಂಟೆಗೆ 25 ಕಿ.ಮೀ. ಮುಟ್ಟುವ ಹೊತ್ತಿಗೆ ಅದರ ನೆರವು ನಿಂತುಹೋಗುವಂತಿದ್ದರೆ, 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಕಣ್ಣಿನಲ್ಲಿ ಅದು ಮೋಟಾರು ವಾಹನವೇ ಅಲ್ಲ. ಆದರೆ ಅದೇ ನಿಯಮ ಶರತ್ತನ್ನೂ ಹಾಕಿದೆ. ತಕ್ಕ ಬ್ರೇಕುಗಳಿರಬೇಕು, ಮುಂದೆ ಬಿಳಿ, ಹಿಂದೆ ಕೆಂಪು ಪ್ರತಿಫಲಕ ಇರಬೇಕು. ಈ ಕೆಂಪು ಪ್ರತಿಫಲಕದ ವಿಷಯಕ್ಕೆ ಆಮೇಲೆ ಬರುತ್ತೇನೆ.

ಸೈಕಲ್ಲೇನೋ ಚೆನ್ನಾಗಿದೆ. ದಪ್ಪ ಟೈರು, ಡಿಸ್ಕ್ ಬ್ರೇಕು, ನೋಡಲು ಬೆಟ್ಟ ಹತ್ತುವ ಸೈಕಲ್ಲಿನ ಗತ್ತು. ಆದರೆ ಇವುಗಳಲ್ಲಿ ಹಲವಕ್ಕೆ ಕ್ಯಾರಿಯರ್ ಇರುವುದಿಲ್ಲ. ನಮ್ಮ ಕಾಲದ ಕಪ್ಪು ಸೈಕಲ್ಲಿನ ಕ್ಯಾರಿಯರ್ ನೆನಪಿಸಿಕೊಳ್ಳಿ. ಹುಲ್ಲಿನ ಹೊರೆ, ಹಾಲಿನ ಕ್ಯಾನು, ರೇಷನ್ ಅಕ್ಕಿ, ಕೆಲವೊಮ್ಮೆ ಊರಿಗೆ ಬಂದ ನೆಂಟರು, ಎಲ್ಲವೂ ಅದರ ಮೇಲೆಯೇ. ಈಗಿನ ಹುಡುಗನಿಗೆ ಉಳಿದಿರುವುದು ತನ್ನ ಬೆನ್ನು ಮಾತ್ರ.

ಆ ಬೆನ್ನಿನ ಮೇಲಿನ ಚೀಲವನ್ನು ಒಂದು ದಿನ ತೂಗಿ ನೋಡಿದೆವು. ಪುಸ್ತಕ, ಪ್ರಯೋಗಾಲಯದ ರೆಕಾರ್ಡು, ಊಟದ ಡಬ್ಬಿ, ನೀರು, ಕೊಡೆ ಎಲ್ಲ ಸೇರಿ 8 ಕೆ.ಜಿ. ಹುಡುಗನ ತೂಕ 52. ಚೀಲದ ಭಾರ ಮಗುವಿನ ತೂಕದ ಶೇ. 10ನ್ನು ಮೀರಬಾರದು ಎನ್ನುತ್ತದೆ ಕೇಂದ್ರ ಸರ್ಕಾರದ 2020ರ ಶಾಲಾ ಚೀಲ ನೀತಿ. ಇವನದು ಶೇ. 15. ಹ್ಯಾಂಡಲ್ಲಿಗೆ ನೇತುಹಾಕಿದರೆ ತಿರುವಿನಲ್ಲಿ ಚೀಲ ಒಂದು ಕಡೆ ಎಳೆಯುತ್ತದೆ, ಬ್ರೇಕಿನ ತಂತಿಗೆ ತೊಡರುತ್ತದೆ. ಆದ್ದರಿಂದ ಕ್ಯಾರಿಯರ್ ಹಾಕಿಸೋಣ ಎಂದ ತಂದೆಯ ಯೋಚನೆ ಸರಿಯಾಗಿಯೇ ಇತ್ತು. ತಪ್ಪಿದ್ದು ಹಾಕಿಸಿದ ರೀತಿ.

ಯಾರೋ ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿಕೊಟ್ಟಿದ್ದರು. ಹಳೆಯ ಸೈಕಲ್ಲಿನ ಪದ್ಧತಿಯಂತೆ ಕ್ಯಾರಿಯರ್‌ನ ಎರಡು ಕಾಲುಗಳನ್ನು ಹಿಂದಿನ ಅಚ್ಚಿನ ನಟ್ಟಿನ ಕೆಳಗೆ ಸಿಕ್ಕಿಸಿ, ಮೇಲೆ ಒಂದೇ ಪಟ್ಟಿಯನ್ನು ಒಂದೇ ಬೋಲ್ಟಿನಿಂದ ಫ್ರೇಮಿಗೆ ಬಿಗಿದಿದ್ದರು. ಮೇಲಿನ ಆ ಬೋಲ್ಟು ಕಳಚಿತು. ಅಚ್ಚಿನ ಸುತ್ತ ತಿರುಗಿ ಕ್ಯಾರಿಯರ್ ಹಿಂದಕ್ಕೆ ಬಿತ್ತು.

ಕಪ್ಪು ಸೈಕಲ್ಲಿಗೆ ಒಗ್ಗುತ್ತಿದ್ದ ಪದ್ಧತಿ ಇದಕ್ಕೆ ಏಕೆ ಒಗ್ಗುವುದಿಲ್ಲ? ವಿದ್ಯಾರ್ಥಿಗಳು ಇಲ್ಲಿ ನ್ಯೂಟನ್ನನ ಮೂರನೆಯ ನಿಯಮವನ್ನು ನೆನೆಯಬೇಕು. ಈ ಸೈಕಲ್ಲಿನ ಮೋಟಾರು ಇರುವುದು ಹಿಂದಿನ ಚಕ್ರದ ಗುಂಬದಲ್ಲಿ. ಮೋಟಾರು ಚಕ್ರವನ್ನು ಮುಂದಕ್ಕೆ ತಿರುಗಿಸಿದರೆ ಅಷ್ಟೇ ಬಲದಿಂದ ತನ್ನ ಅಚ್ಚನ್ನು ಹಿಂದಕ್ಕೆ ತಿರುಗಿಸಲು ನೋಡುತ್ತದೆ. ಅಚ್ಚು ತಿರುಗಬಾರದೆಂದೇ ಅದರ ಎರಡು ಪಕ್ಕ ಚಪ್ಪಟೆ ಮಾಡಿ, ವಿಶೇಷ ವಾಷರ್ ಹಾಕಿ, ನಟ್ಟನ್ನು ಬಲವಾಗಿ ಬಿಗಿದಿರುತ್ತಾರೆ. ಅವುಗಳ ನಡುವೆ ಕ್ಯಾರಿಯರ್‌ನ ಬಣ್ಣ ಬಳಿದ ತಗಡು ಹೊಕ್ಕರೆ ಹಿಡಿತ ಸಡಿಲವಾಗುತ್ತದೆ. ಅಚ್ಚು ತಿರುಗಿದರೆ ಅದರೊಳಗಿಂದ ಬರುವ ಮೋಟಾರಿನ ತಂತಿ ಹರಿಯುತ್ತದೆ. ಹಾಗಾಗಿ ಮೋಟಾರಿನ ಅಚ್ಚಿಗೆ ಕ್ಯಾರಿಯರ್ ಕಟ್ಟಬಾರದು.

ಆದರೆ ಇದಕ್ಕಿಂತ ದೊಡ್ಡ ಮಾತೊಂದಿದೆ. ಅದು ಬೋಲ್ಟಿಗೆ ಸಂಬಂಧಿಸಿದ್ದಲ್ಲ, ನಮ್ಮ ಕಾಲಿಗೆ ಸಂಬಂಧಿಸಿದ್ದು.

ಸಾದಾ ಸೈಕಲ್ಲಿನಲ್ಲಿ ಭಾರ ಹೆಚ್ಚಾದರೆ ಮೊದಲು ದೂರು ಕೊಡುವುದು ಕಾಲು. 100 ಮೀಟರಿಗೆ 5 ಮೀಟರ್ ಏರುವ ದಾರಿಯಲ್ಲಿ, ಗಂಟೆಗೆ 15 ಕಿ.ಮೀ. ವೇಗದಲ್ಲಿ, 34 ಕೆ.ಜಿ. ತೂಕದ ತಂಗಿಯನ್ನು ಹೊತ್ತೊಯ್ಯಲು ಹೆಚ್ಚುವರಿಯಾಗಿ ಸುಮಾರು 70 ವಾಟ್ ಬೇಕು. ಅಭ್ಯಾಸವಿಲ್ಲದ ಹುಡುಗ ಬಹಳ ಹೊತ್ತು ತುಳಿದು ಕೊಡಬಲ್ಲ ಶಕ್ತಿಯೇ 100 ವಾಟ್‌ನ ಆಸುಪಾಸು. ಹಾಗಾಗಿ ಅವನು ಏರಿನಲ್ಲಿ ಇಳಿದು ತಳ್ಳುತ್ತಾನೆ, ಇಲ್ಲವೇ ‘ನಾಳೆಯಿಂದ ನಡೆದುಕೊಂಡು ಬಾ’ ಎನ್ನುತ್ತಾನೆ. ಎಲೆಕ್ಟ್ರಿಕ್ ಸೈಕಲ್ಲಿನಲ್ಲಿ ಆ 70 ವಾಟನ್ನು ಮೋಟಾರು ಸದ್ದಿಲ್ಲದೆ ಕೊಟ್ಟುಬಿಡುತ್ತದೆ. ಕಾಲಿಗೆ ಏನೂ ತಿಳಿಯುವುದಿಲ್ಲ.

ಮೋಟಾರು ಭಾರವನ್ನು ಕಾಲಿನಿಂದ ಮುಚ್ಚಿಡುತ್ತದೆ. ಆದರೆ ಬ್ರೇಕಿನಿಂದ ಮುಚ್ಚಿಡಲಾರದು, ಚಕ್ರದ ಕಡ್ಡಿಗಳಿಂದ ಮುಚ್ಚಿಡಲಾರದು, ಬೋಲ್ಟಿನಿಂದಂತೂ ಮುಚ್ಚಿಡಲಾರದು. ಅವುಗಳಿಗೆ ಯಾವ ಮೋಟಾರಿನ ನೆರವೂ ಇಲ್ಲ.

ಲೆಕ್ಕ ಮಾಡಿ ನೋಡಿ. ಹುಡುಗ 52, ಸೈಕಲ್ 22, ಚೀಲ 8, ಒಟ್ಟು 82 ಕೆ.ಜಿ. ಇಷ್ಟೇ ಭಾರ ಗಂಟೆಗೆ 15 ಕಿ.ಮೀ. ವೇಗದಲ್ಲಿ ಹೋಗುವಾಗ ಅದರ ಚಲನಶಕ್ತಿ ಸುಮಾರು 700 ಜೂಲ್. 25 ಕಿ.ಮೀ. ವೇಗದಲ್ಲಿ ಸುಮಾರು 2000 ಜೂಲ್. ತಂಗಿಯೂ ಹತ್ತಿದರೆ 2800 ಜೂಲ್. ಅಂದರೆ ಸಾದಾ ಸೈಕಲ್ಲಿನಲ್ಲಿ ಒಬ್ಬನೇ ಹೋಗುವಾಗಿನ ನಾಲ್ಕು ಪಟ್ಟು. ಒಂದು ನಾಯಿ ಅಡ್ಡ ಬಂದಾಗ ಇಷ್ಟನ್ನೂ ನಾಲ್ಕಾರು ಸೆಕೆಂಡಿನಲ್ಲಿ ಬ್ರೇಕು ನುಂಗಬೇಕು. ಪರೀಕ್ಷೆಗೆಂದು ಕಂಠಪಾಠ ಮಾಡಿದ ಸೂತ್ರ ರಸ್ತೆಯಲ್ಲಿ ಹೀಗೆ ಎದುರಾಗುತ್ತದೆ.

ಮುಂದಿನ ಭಾನುವಾರ ಹುಡುಗ, ಅವನ ತಂದೆ ಮತ್ತು ನಾನು ಸೈಕಲ್ಲನ್ನು ನಮ್ಮ ಬೀದಿ ಮೂಲೆಯ ಹಳೆಯ ಸೈಕಲ್ ಶಾಪಿಗೆ ಒಯ್ದೆವು. ಅಲ್ಲಿನ ಚಾಚಾ ಕೈಗೆ ಪಾನಾ ಎತ್ತಿಕೊಳ್ಳಲಿಲ್ಲ. ‘ಮಗನೇ, ನೀನೇ ಹಾಕು. ನಾನು ಕೂತು ಹೇಳ್ತೀನಿ. ದಿನಾ ಹತ್ತೋನು ನೀನು ತಾನೇ?’ ಎಂದರು.

ಮೊದಲು ಬ್ಯಾಟರಿ ತೆಗೆಸಿದರು. ಮೋಟಾರಿನ ಹತ್ತಿರ ಕೈ ಹಾಕುವಾಗ ಅಕಸ್ಮಾತ್ ಚಕ್ರ ತಿರುಗಿದರೆ ಬೆರಳು ಹೋದೀತು. ಆಮೇಲೆ ಫ್ರೇಮನ್ನು ಹುಡುಕಿಸಿದರು. ಹಿಂದಿನ ಅಚ್ಚಿನ ಸ್ವಲ್ಪ ಮೇಲೆ ಎರಡೂ ಪಕ್ಕದಲ್ಲಿ ಸಣ್ಣ ಮರೆಯುಳ್ಳ ತೂತುಗಳಿದ್ದವು. ಸೀಟಿನ ಕೆಳಗೂ ಎರಡು. ಇವು ಕ್ಯಾರಿಯರ್‌ಗೆಂದೇ ಕೊಟ್ಟ ಜಾಗ. ಸಾಮಾನ್ಯವಾಗಿ 5 ಮಿ.ಮೀ. ಬೋಲ್ಟು ಹಿಡಿಯುತ್ತವೆ. ಇಂಥ ತೂತುಗಳೇ ಇಲ್ಲದ ಸೈಕಲ್ಲುಗಳೂ ಇವೆ. ಅವುಗಳಿಗೆ ರಬ್ಬರಿನ ಒಳಪದರವಿರುವ ಕ್ಲಾಂಪುಗಳು ಸಿಗುತ್ತವೆ. ಏನೇ ಆದರೂ ಫ್ರೇಮಿಗೆ ಡ್ರಿಲ್ ಹಾಕಿ ಹೊಸ ತೂತು ಕೊರೆಸಬೇಡಿ. ಕೊರೆದ ಜಾಗದಿಂದಲೇ ಬಿರುಕು ಶುರುವಾಗುತ್ತದೆ. ಸೀಟಿನ ಕಂಬವೊಂದನ್ನೇ ಹಿಡಿದು ಗಾಳಿಯಲ್ಲಿ ನಿಲ್ಲುವ ಕ್ಯಾರಿಯರ್‌ಗಳು ಸುಲಭವಾಗಿ ಕೂರುತ್ತವೆ ನಿಜ. ಆದರೆ ಅವುಗಳಲ್ಲಿ ಹೆಚ್ಚಿನವು 10 ಕೆ.ಜಿ.ಯ ಆಚೆ ಹೊರಲಾರವು. ಕೆಳಕ್ಕೆ ಕಾಲೂರಿ ನಿಲ್ಲುವ ಕ್ಯಾರಿಯರೇ ಮೇಲು.

ಎಡಪಕ್ಕದಲ್ಲಿ ಡಿಸ್ಕ್ ಬ್ರೇಕಿನ ಹಿಡಿ ಅಡ್ಡ ಬಂತು. ಹಳೆಯ ಕ್ಯಾರಿಯರ್‌ನ ಕಾಲು ಅದಕ್ಕೆ ತಾಗುತ್ತಿತ್ತು. ಉದ್ದದ ಬೋಲ್ಟು ಹಾಕಿ, ನಡುವೆ ವಾಷರುಗಳನ್ನು ಪೇರಿಸಿ ದೂರ ಮಾಡೋಣವೇ ಎಂದು ತಂದೆ ಕೇಳಿದರು. ಚಾಚಾ ತಲೆಯಾಡಿಸಿ ಬೇಡವೆಂದರು. ಕಾಲು ಫ್ರೇಮಿನಿಂದ ದೂರ ಸರಿದಷ್ಟೂ ಬೋಲ್ಟು ಸನ್ನೆಕೋಲಿನಂತೆ ಬಾಗುತ್ತದೆ. ಡಿಸ್ಕ್ ಬ್ರೇಕಿಗಾಗಿಯೇ ಕಾಲನ್ನು ಹೊರಕ್ಕೆ ಬಾಗಿಸಿ ಮಾಡಿದ ಕ್ಯಾರಿಯರ್ ಸಿಗುತ್ತದೆ, ಅದನ್ನೇ ತಂದೆವು. ಬಲಪಕ್ಕದಲ್ಲಿ ಬೋಲ್ಟಿನ ತುದಿ ಒಳಕ್ಕೆ ಚಾಚಿ ಚೈನಿಗಾಗಲಿ ಹಲ್ಲುಚಕ್ರಕ್ಕಾಗಲಿ ತಾಗಬಾರದು. ಮೋಟಾರಿನ ತಂತಿ ಕಾಲಿನ ಅಡಿಗೆ ಸಿಕ್ಕಬಾರದು. ಚಕ್ರವನ್ನು ಕೈಯಿಂದ ತಿರುಗಿಸಿ ಎರಡನ್ನೂ ನೋಡಿಕೊಂಡೆವು.

ಬೋಲ್ಟು ಬಿಗಿಯುವುದರಲ್ಲೂ ಕ್ರಮವಿದೆ. ಅಲ್ಯೂಮಿನಿಯಂ ಫ್ರೇಮಿನ ಮರೆ ಮೃದು. ಮೊದಲ ನಾಲ್ಕಾರು ಸುತ್ತು ಬೆರಳಿನಲ್ಲೇ ಹೋಗಬೇಕು. ಹೋಗದಿದ್ದರೆ ಓರೆಯಾಗಿದೆ ಎಂದು ಅರ್ಥ, ಬಿಚ್ಚಿ ಮತ್ತೆ ಕೂರಿಸಬೇಕು. ನಾಲ್ಕೂ ಬೋಲ್ಟುಗಳನ್ನು ಅರ್ಧ ಹಾಕಿ, ಕ್ಯಾರಿಯರ್ ಮಟ್ಟಸವಾಗಿದೆಯೇ ನೋಡಿ, ಆಮೇಲೆ ಎಲ್ಲವನ್ನೂ ಬಿಗಿಯಬೇಕು. 4 ಮಿ.ಮೀ. ಅಲೆನ್ ಕೀಯ ಉದ್ದದ ತುದಿಯನ್ನು ಎರಡು ಮೂರು ಬೆರಳಿನಿಂದ ಗಟ್ಟಿಯಾಗಿ ಒತ್ತಿದಷ್ಟು ಬಿಗಿ ಸಾಕು. ನಟ್ಟು ಇರುವ ಕಡೆ ಒಳಗೆ ನೈಲಾನ್ ಬಳೆಯಿರುವ ನಟ್ಟನ್ನೇ ಹಾಕಬೇಕು. ಅದು ಅದುರಿದರೂ ಬೇಗ ಸಡಿಲವಾಗುವುದಿಲ್ಲ.

ಇಷ್ಟು ಸಣ್ಣ ಬೋಲ್ಟು ಅಷ್ಟು ಭಾರ ಹೊರುವುದು ಹೇಗೆ ಎಂದು ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಬಿಗಿಯಾದ ಬೋಲ್ಟು ಕ್ಯಾರಿಯರ್‌ನ ಕಾಲನ್ನು ಫ್ರೇಮಿಗೆ ಅವುಚಿ ಹಿಡಿಯುತ್ತದೆ. ಭಾರದ ಹೆಚ್ಚಿನ ಪಾಲು ಆ ಎರಡು ಲೋಹಗಳ ನಡುವಿನ ಘರ್ಷಣೆಯ ಮೂಲಕ ಫ್ರೇಮಿಗೆ ಹೋಗುತ್ತದೆ. ಬೋಲ್ಟು ಸಡಿಲವಾದ ಗಳಿಗೆಯಿಂದ ಘರ್ಷಣೆ ಇಲ್ಲ. ರಸ್ತೆಯ ಪ್ರತಿ ಗುಂಡಿಯೂ ಬೋಲ್ಟಿಗೆ ಒಂದು ಸುತ್ತಿಗೆ ಪೆಟ್ಟು. ಸಾವಿರಾರು ಪೆಟ್ಟು ತಿಂದು ಲೋಹ ದಣಿಯುತ್ತದೆ, ಒಂದು ದಿನ ಕಡಿದುಹೋಗುತ್ತದೆ. ಆದ್ದರಿಂದ ಹೊಸದಾಗಿ ಹಾಕಿಸಿದ ಒಂದು ವಾರಕ್ಕೆ ಒಮ್ಮೆ, ಆಮೇಲೆ ತಿಂಗಳಿಗೆ ಒಮ್ಮೆ ಬಿಗಿ ನೋಡಬೇಕು. ಎರಡು ನಿಮಿಷದ ಕೆಲಸ.

ಇನ್ನು ಭಾರ ಇಡುವ ಬಗೆ. ಹಿಂದೆ ಉಪ್ಪು, ಧಾನ್ಯ ಹೊತ್ತು ಊರೂರು ಸುತ್ತುತ್ತಿದ್ದ ಲಂಬಾಣಿಗರ ಹೇರೆತ್ತುಗಳ ಬೆನ್ನ ಮೇಲೆ ಚೀಲ ಎರಡೂ ಪಕ್ಕಕ್ಕೆ ಸಮತೂಕವಾಗಿ ಇಳಿಬಿದ್ದಿರುತ್ತಿತ್ತು. ಸೈಕಲ್ಲಿಗೂ ಅದೇ ನ್ಯಾಯ. ಭಾರ ಕೆಳಗಿದ್ದಷ್ಟೂ, ಅಚ್ಚಿನ ನೇರಕ್ಕಿದ್ದಷ್ಟೂ ಸೈಕಲ್ ನೆಮ್ಮದಿಯಾಗಿ ಓಡುತ್ತದೆ. ಹಿಂದಕ್ಕೆ ಸರಿದಷ್ಟೂ ಮುಂದಿನ ಚಕ್ರ ಹಗುರವಾಗಿ ಹ್ಯಾಂಡಲ್ ಅಲುಗಾಡುತ್ತದೆ. ಜೋಡಿ ಚೀಲ ಹಾಕುವುದಾದರೆ ಪೆಡಲ್ ತುಳಿಯುವಾಗ ಹಿಮ್ಮಡಿಗೆ ತಾಗದಷ್ಟು ಮಾತ್ರ ಹಿಂದಿರಲಿ. ಒಂದೇ ಚೀಲವಾದರೆ ಮಲಗಿಸಿ ಎರಡು ಕಡೆ ಕಟ್ಟಬೇಕು. ಹಳೆಯ ಟ್ಯೂಬಿನ ಪಟ್ಟಿ ಇದಕ್ಕೆ ಇಂದಿಗೂ ಒಳ್ಳೆಯದೇ. ಆದರೆ ಪಟ್ಟಿಯ ತುದಿ, ಚೀಲದ ಹೆಗಲುಪಟ್ಟಿ, ದುಪಟ್ಟಾ ಯಾವುದೂ ಜೋತಾಡಬಾರದು. ಬೈಕಿಗೆ ಸೀರೆ ಗಾರ್ಡ್ ಇರುತ್ತದೆ, ಸೈಕಲ್ಲಿಗೆ ಇಲ್ಲ.

ಆಗ ಹೇಳಿದ ಕೆಂಪು ಪ್ರತಿಫಲಕ ಸೀಟಿನ ಕಂಬದ ಮೇಲಿದ್ದರೆ ಚೀಲ ಇಟ್ಟೊಡನೆ ಮುಚ್ಚಿಹೋಗುತ್ತದೆ. ಟ್ಯೂಷನ್ ಮುಗಿಸಿ ಕತ್ತಲಲ್ಲಿ ಬರುವ ಹುಡುಗ ಹಿಂದಿನ ಲಾರಿಯವನಿಗೆ ಕಾಣುವುದೇ ಇಲ್ಲ. ಅದನ್ನು ಬಿಚ್ಚಿ ಕ್ಯಾರಿಯರ್‌ನ ಹಿಂತುದಿಗೆ ಹಾಕಿಸಿದೆವು. ಹತ್ತು ರೂಪಾಯಿಯ ಕೆಲಸವೂ ಅಲ್ಲ, ಆದರೆ ಬಹಳ ಮಂದಿ ಮರೆಯುವುದು ಇದನ್ನೇ.

ಕೊನೆಗೆ, ಕ್ಯಾರಿಯರ್‌ನ ಮೇಲೆ ಅಚ್ಚಾಗಿರುವ ಅಂಕಿ ಓದಿ. ಸೈಕಲ್ ಕ್ಯಾರಿಯರ್‌ಗಳನ್ನು ಪರೀಕ್ಷಿಸಲು ಐಎಸ್‌ಒ 11243 ಎಂಬ ಅಂತರರಾಷ್ಟ್ರೀಯ ಮಾನಕವೇ ಇದೆ. ನಾವು ತಂದದ್ದರ ಮೇಲೆ 25 ಕೆ.ಜಿ. ಎಂದಿತ್ತು. ಕೆಲವು ಸೈಕಲ್ಲುಗಳಲ್ಲಿ ಬ್ಯಾಟರಿಯೇ ಕ್ಯಾರಿಯರ್‌ನಲ್ಲಿ ಕೂತಿರುತ್ತದೆ. ಅಲ್ಲಿ ಅದರ ತೂಕವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಂಕಿಯೇ ಇಲ್ಲದ ಕ್ಯಾರಿಯರ್ ಕೊಳ್ಳಬೇಡಿ. 25 ಕೆ.ಜಿ. ಎಂದರೆ ಪುಸ್ತಕ, ತರಕಾರಿ, ಹಿಟ್ಟಿನ ಡಬ್ಬಿ. ಗೆಳೆಯನಲ್ಲ, ತಂಗಿಯೂ ಅಲ್ಲ.

ಪಾಲಕರಿಗೆ ಒಂದು ಮಾತು. ಮಕ್ಕಳ ಕೆರಿಯರ್ ಬಗ್ಗೆ ರಾತ್ರಿಯಿಡೀ ಯೋಚಿಸುವ ನಾವು ಅವರ ಕ್ಯಾರಿಯರ್ ಕಡೆ ಒಮ್ಮೆಯೂ ಬಗ್ಗಿ ನೋಡುವುದಿಲ್ಲ. ಹಾಗೆಂದು ನೀವೇ ಪಾನಾ ಹಿಡಿದು ಎಲ್ಲ ಮಾಡಿಕೊಡಲೂ ಹೋಗಬೇಡಿ. ಪಕ್ಕದಲ್ಲಿ ನಿಂತು ಮಗನಿಂದಲೋ ಮಗಳಿಂದಲೋ ಮಾಡಿಸಿ. ತಾನೇ ಬಿಗಿದ ಬೋಲ್ಟಿನ ಮೇಲೆ ಯಾರನ್ನು ಕೂರಿಸಬಹುದು, ಯಾರನ್ನು ಕೂರಿಸಬಾರದು ಎಂಬುದು ಮಾಡಿದವರಿಗೆ ಹೇಳದೆಯೂ ಗೊತ್ತಾಗುತ್ತದೆ.

ಮೊನ್ನೆ ಬೆಳಿಗ್ಗೆ ಎದುರು ಮನೆಯ ಗೇಟಿನಲ್ಲಿ ಜಗಳ ಕೇಳಿಸಿತು. ‘ಅಣ್ಣಾ, ಇವತ್ತೊಂದು ದಿನ ಬಿಡೋ, ಬಸ್ ಹೋಯ್ತು’ ಎಂದು ತಂಗಿ. ‘25 ಅಂತ ಬರೆದಿದೆ ನೋಡು. ನೀನು 34. ಚೀಲ ಕೊಡು, ಅದನ್ನ ಇಟ್ಕೋತೀನಿ’ ಎಂದು ಅಣ್ಣ. ಆಮೇಲೆ ಸೈಕಲ್ ತಳ್ಳಿಕೊಂಡು ಅವಳ ಜೊತೆಯಲ್ಲೇ ನಡೆದು ಹೋದ. ಅವನ ಕೀ ಗೊಂಚಲಿನಲ್ಲಿ ಒಂದು 4 ಮಿ.ಮೀ. ಅಲೆನ್ ಕೀ ನೇತಾಡುತ್ತಿತ್ತು.