ಎಲ್ಲ ಎಲೆ ಬಯಲಲ್ಲೇ... ಸೋತರೆ ವಿಲನ್ ಯಾರು?



ಇಸ್ಪೀಟು ಅಂದ ತಕ್ಷಣ ನಿಮಗೆ ನೆನಪಾಗೋದು ವಿಲನ್ನಿನ ಅಡ್ಡೆ, ಸಿಗರೇಟಿನ ಹೊಗೆ, ತೋಳಿನೊಳಗೆ ಬಚ್ಚಿಟ್ಟ ಎಕ್ಕ! ಈ ವಾರ ನಾನು ಹೇಳೋ ಆಟದಲ್ಲಿ ಎದುರಾಳಿಯೂ ಇಲ್ಲ, ಮುಚ್ಚಿಟ್ಟ ಎಲೆಯೂ ಇಲ್ಲ. ಹೆಸರು ಫ್ರೀಸೆಲ್. ಒಬ್ಬರೇ ಕೂತು ಆಡೋ ಸಾಲಿಟೇರ್‌ನ ಒಂದು ಬಗೆ.

ನಾನು ಇದಕ್ಕೆ ಬಂದದ್ದು ಸೋತು ಸುಣ್ಣವಾದ ಮೇಲೆ. 2024ರಲ್ಲಿ ತಂಗಿಯ ಕಾಲೇಜು ಫೀಸಿಗೆಂದು ಇಟ್ಟಿದ್ದ 8 ಸಾವಿರ ರೂಪಾಯಿ ಮೊಬೈಲ್ ರಮ್ಮಿಯಲ್ಲಿ ಒಂದೇ ರಾತ್ರಿಗೆ ಖಲಾಸ್! “ಎಲೆ ಸರಿಯಾಗಿ ಬೀಳಲಿಲ್ಲ” ಅಂತ ನಮ್ಮೂರ ಟಾಕೀಸಿನ ಹಳೇ ಆಪರೇಟರ್ ಅಣ್ಣನ ಮುಂದೆ ಗೋಳಾಡಿದೆ. ರೀಲು ಸುತ್ತಿ ಸುತ್ತಿ ಕೈ ಸವೆಸಿದ ಮನುಷ್ಯ, ಬೈಯಲಿಲ್ಲ. ಮೊಬೈಲಿನಲ್ಲಿ ಫ್ರೀಸೆಲ್ ತೆಗೆದುಕೊಟ್ಟು, “ಲೋ ತಮ್ಮಾ, ಇಲ್ಲಿ ಎಲ್ಲಾ ಎಲೆನೂ ಕಣ್ಣೆದುರಿಗೇ ಇದೆ. ಈಗ ಸೋತರೆ ಯಾರನ್ನ ಬೈತೀಯ ನೋಡ್ತೀನಿ” ಅಂದ.

ಆಟ ಹೀಗಿದೆ ನೋಡಿ. 52 ಎಲೆಗಳೂ ಮುಖ ಮೇಲಾಗಿ ಎಂಟು ಸಾಲಿನಲ್ಲಿ ಇಳಿಬಿದ್ದಿರುತ್ತವೆ. ಮೊದಲ ನಾಲ್ಕು ಸಾಲಿನಲ್ಲಿ ಏಳೇಳು, ಉಳಿದ ನಾಲ್ಕರಲ್ಲಿ ಆರಾರು. ಮೇಲ್ಗಡೆ ಒಂದು ಪಕ್ಕ ನಾಲ್ಕು ಖಾಲಿ ಖಾನೆ, ಇನ್ನೊಂದು ಪಕ್ಕ ನಾಲ್ಕು ಮನೆ. ಒಂದೊಂದು ಮನೆಯಲ್ಲೂ ಒಂದೊಂದು ಜಾತಿಯ ಎಲೆಗಳು ಎಕ್ಕದಿಂದ ರಾಜನವರೆಗೆ ಕ್ರಮವಾಗಿ ಸೇರಬೇಕು. ಸಾಲಿನಲ್ಲಿ ಮಾತ್ರ ಇಳಿಯುವ ಲೆಕ್ಕ, ಬಣ್ಣ ಬದಲಾಗಲೇಬೇಕು: ಕೆಂಪು ಒಂಬತ್ತರ ಮೇಲೆ ಕಪ್ಪು ಎಂಟು, ಕಪ್ಪು ಎಂಟರ ಮೇಲೆ ಕೆಂಪು ಏಳು. ಸಾಲಿನ ಕೊನೆಯ ಎಲೆಯನ್ನು ಬೆರಳಲ್ಲಿ ಎಳೆದು ಬಿಟ್ಟರಾಯಿತು. ಒಂದು ಸಾಲು ಪೂರ್ತಿ ಖಾಲಿಯಾದರೆ ಅಲ್ಲಿ ಯಾವ ಎಲೆಯನ್ನಾದರೂ ಇಡಬಹುದು.

ಮಜಾ ಇರೋದು ಆ ನಾಲ್ಕು ಖಾನೆಗಳಲ್ಲಿ. ಹೌಸ್‌ಫುಲ್ ಥಿಯೇಟರಿನಲ್ಲಿ ಮ್ಯಾನೇಜರ್ ಹಾಕಿಸೋ ನಾಲ್ಕು ಎಕ್ಸ್‌ಟ್ರಾ ಕುರ್ಚಿ ಇದ್ದ ಹಾಗೆ! ಒಂದರಲ್ಲಿ ಒಂದೇ ಎಲೆ ಕೂರಬಹುದು. ನಾಲ್ಕೂ ಖಾಲಿ ಇದ್ದರೆ ಜೋಡಿಸಿದ ಐದು ಎಲೆಗಳನ್ನು ಒಟ್ಟಿಗೆ ಸಾಗಿಸಬಹುದು. ಎರಡು ತುಂಬಿದರೆ ಮೂರೇ. ನಾಲ್ಕೂ ತುಂಬಿದರೆ ಒಂದೇ ಒಂದು! ಹೊಸಬರು ಮಾಡೋ ತಪ್ಪು ಇದೇ. ಅಡ್ಡ ಬಂದ ಎಲೆಯನ್ನೆಲ್ಲ ಖಾನೆಗೆ ತಳ್ಳಿ, ಹತ್ತನೇ ನಡೆಗೇ ಕೈಕಟ್ಟಿ ಕೂರುತ್ತಾರೆ. ನಾನೂ ಅದನ್ನೇ ಮಾಡಿದೆ, ಸತತ ಹನ್ನೊಂದು ಸಲ.

ಹಾಗಾಗಿ ಮೊದಲು ಏನನ್ನೂ ಮುಟ್ಟಬೇಡಿ. ನಾಲ್ಕು ಎಕ್ಕ ಎಲ್ಲಿವೆ, ಅವುಗಳ ಮೇಲೆ ಎಷ್ಟು ಎಲೆ ಕೂತಿವೆ, ಎಣಿಸಿ. ಎರಡು, ಮೂರು ಆಳದಲ್ಲಿ ಸಿಕ್ಕಿಕೊಂಡಿವೆಯೇ ನೋಡಿ. ಖಾನೆಗೆ ಒಂದು ಎಲೆ ಹಾಕುವ ಮೊದಲು ಅದು ಹೊರಗೆ ಬರೋ ದಾರಿ ಯೋಚಿಸಿ. ಒಂದು ಸಾಲನ್ನು ಬೇಗ ಖಾಲಿ ಮಾಡಿದರೆ ಅರ್ಧ ಗೆದ್ದ ಹಾಗೆ.

ಈ ಆಟವನ್ನು 1978ರಲ್ಲಿ ಕಂಪ್ಯೂಟರಿಗೆ ತಂದವನು ಅಮೆರಿಕದ ಪಾಲ್ ಆಲ್‌ಫಿಲ್. ವಿಂಡೋಸ್ 95ರ ಜೊತೆ ಅದು ಊರೂರು ಸೇರಿತು. ಅದರಲ್ಲಿ ನಂಬರು ಹಾಕಿದ 32,000 ಆಟಗಳಿದ್ದವು. ಹಟಕ್ಕೆ ಬಿದ್ದ ಆಟಗಾರರು ಹಂಚಿಕೊಂಡು ಆಡಿ, ಒಂದನ್ನು ಬಿಟ್ಟು ಎಲ್ಲವನ್ನೂ ಗೆದ್ದರು! ಆ ಒಂದರ ನಂಬರು 11982. ಅದನ್ನು ಗೆಲ್ಲೋಕೆ ಸಾಧ್ಯವೇ ಇಲ್ಲ ಅಂತ ಆಮೇಲೆ ಕಂಪ್ಯೂಟರ್ ಲೆಕ್ಕ ತೋರಿಸಿತು.

32,000ದಲ್ಲಿ ಒಂದು! ಅಂದರೆ ನನ್ನ ಹನ್ನೊಂದು ಸೋಲಿಗೂ ಹಣೆಬರಹ ಕಾರಣವಲ್ಲ, ನನ್ನ ಅವಸರ ಕಾರಣ. ಅದು ತಲೆಗೆ ಹೋದ ದಿನವೇ ತಂಗಿಯ ಮುಂದೆ ಕೂತು ನಿಜ ಹೇಳಿದೆ. ಅವಳು ಎರಡು ದಿನ ಮಾತಾಡಲಿಲ್ಲ. ನಾಲ್ಕು ತಿಂಗಳ ಸಂಬಳದಲ್ಲಿ ಉಳಿಸಿ ಫೀಸು ಕಟ್ಟಿದೆ.

2025ರ ಆಗಸ್ಟ್‌ನಲ್ಲಿ ಸಂಸತ್ತು ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಪಾಸು ಮಾಡಿತು. ಫ್ರೀಸೆಲ್‌ಗೆ ಬಿಡಿಗಾಸೂ ಬೇಡ. ಎಲ್ಲಾದರೂ ದುಡ್ಡು ಕೇಳಿದರೆ, ಬ್ಯಾಂಕ್ ವಿವರ ಕೇಳಿದರೆ, ಇಂಟರ್‌ವಲ್‌ಗೂ ಕಾಯದೆ ಎದ್ದು ಬನ್ನಿ!

ಬಸ್ಸು ತಡವೇ? ಹಾಗಾದರೆ ಒಂದು ಆಟ ಹಾಕಿ. ನಾಲ್ಕೂ ರಾಜರು ಮನೆ ಸೇರಿದರೆ... ಶುಭಂ!