ಆರರವರೆಗೆ ಏರಿ ಇಳಿಯುವ ಸಂಖ್ಯೆ

ಸುಬ್ರಹ್ಮಣ್ಯಪುರದ ನಮ್ಮ ಮನೆಗೆ ಮಗ್ರಿಬ್ ನಮಾಝ್‌ನ ಬಳಿಕ ನಾಲ್ಕೈದು ಹೆಣ್ಣುಮಕ್ಕಳು ಪಾಠಕ್ಕೆ ಬರುತ್ತಾರೆ. ಅವರಲ್ಲಿ ಎಂಟನೆಯ ತರಗತಿಯ ಒಬ್ಬಳು, 'ಲೆಕ್ಕ ನನಗೆ ಹತ್ತುವುದಿಲ್ಲ, ಹತ್ತನೆಯದು ಮುಗಿಸಿ ಬಿಟ್ಟುಬಿಡುತ್ತೇನೆ' ಎಂದು ತೀರ್ಮಾನಿಸಿಬಿಟ್ಟಿದ್ದಳು. ಒಂದು ಸಂಜೆ ಅವಳಿಗೆ ಈ ಗುಣಾಕಾರ ಕೊಟ್ಟೆ: 27994681 × 441.

ಅವಳ ಕ್ಯಾಲ್ಕುಲೇಟರ್ ಎಂಟು ಅಂಕಿಯದು. ಉತ್ತರ ಅದರಲ್ಲಿ ಹಿಡಿಸಲಿಲ್ಲ. ಮಗಳನ್ನು ಕರೆದೊಯ್ಯಲು ಬಂದು ಬಾಗಿಲ ಬಳಿ ಕುಳಿತಿದ್ದ ತಾಯಿ 'ಇಲ್ಲಿ ಕೊಡು' ಎಂದು ಪೆನ್ಸಿಲ್ ತೆಗೆದುಕೊಂಡರು. ಮನೆಯಲ್ಲೇ ಬಟ್ಟೆ ಹೊಲಿಯುವವರು, ಏಳನೆಯವರೆಗೆ ಓದಿದವರು. ಮೂರು ಸಾಲು ಬರೆದು ಕೂಡಿಸಿದರು. ಬಂದದ್ದು 12345654321.

'ಆಪಾ, ಇಷ್ಟು ಚೆಂದ ಬಂದಿದೆಯಲ್ಲ, ಎಲ್ಲೋ ತಪ್ಪಿರಬೇಕು' ಎಂದರು.

ತಪ್ಪಿರಲಿಲ್ಲ. ಈ ಲೆಕ್ಕ ನನ್ನದೂ ಅಲ್ಲ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಬರೆದರು. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಇಂತಹ ಗುಣಲಬ್ಧಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸಿದ್ದಾರೆ.

ಹಾರದ ಗುಟ್ಟು ಸುಲಭ. 111111ನ್ನು ಅದರಿಂದಲೇ ಗುಣಿಸಿ ನೋಡಿ. ಆರು ಸಾಲುಗಳಲ್ಲೂ ಬರೀ ಒಂದುಗಳು, ಒಂದೊಂದು ಸಾಲು ಒಂದೊಂದು ಮನೆ ಎಡಕ್ಕೆ ಸರಿದಿರುತ್ತದೆ. ಕೂಡಿಸುವಾಗ ಅಂಚಿನ ಕಂಬದಲ್ಲಿ ಒಂದು, ಅದರ ಪಕ್ಕ ಎರಡು, ನಡುವೆ ಆರು, ಮತ್ತೆ ಇಳಿಕೆ. ದಶಕ ಎಲ್ಲಿಯೂ ಬರುವುದಿಲ್ಲ. ಇನ್ನು 111111 ಎಂದರೆ 21 × 5291. ಈ ಎರಡರ ವರ್ಗಗಳೇ 441 ಮತ್ತು 27994681. ಇನ್ನೂ ಒಡೆದರೆ 3, 7, 11, 13, 37 ಎಂಬ ಐದೇ ಅವಿಭಾಜ್ಯ ಸಂಖ್ಯೆಗಳು, ತಲಾ ಎರಡು ಬಾರಿ.

ಆ ತಾಯಿಯ ಸಂಶಯಕ್ಕೂ ಒಂದು ದಾರಿಯಿದೆ. 441ರ ಅಂಕಿಗಳನ್ನು ಕೂಡಿಸಿದರೆ 9. ಅಂದರೆ ಅದು ಒಂಬತ್ತರಿಂದ ಭಾಗವಾಗುತ್ತದೆ, ಆದ್ದರಿಂದ ಉತ್ತರವೂ ಭಾಗವಾಗಲೇಬೇಕು. ಉತ್ತರದ ಅಂಕಿಗಳ ಮೊತ್ತ 36, ಸರಿಯಾಯಿತು. ಹತ್ತು, ನೂರು, ಸಾವಿರ ಯಾವುದನ್ನು ಒಂಬತ್ತರಿಂದ ಭಾಗಿಸಿದರೂ ಒಂದೇ ಉಳಿಯುವುದರಿಂದ ಇದು ನಡೆಯುತ್ತದೆ. ಆದರೆ ಪೂರ್ತಿ ನಂಬಬೇಡಿ. ಅಂಕಿಗಳು ಅದಲುಬದಲಾದರೆ ಈ ಪರೀಕ್ಷೆಗೆ ಗೊತ್ತಾಗದು.

ಮದ್ರಸದಲ್ಲಿ ನನಗೆ ಲ.ಸಾ.ಅ. ಅರ್ಥವಾದದ್ದು ಆಸ್ತಿ ಪಾಲಿನ ಪಾಠದಲ್ಲಿ. ಪತ್ನಿಗೆ ಎಂಟರಲ್ಲೊಂದು, ತಾಯಿಗೆ ಆರರಲ್ಲೊಂದು ಪಾಲಿದ್ದರೆ ಆಸ್ತಿಯನ್ನು 24 ಭಾಗ ಮಾಡಬೇಕು. ಮಹಾವೀರಾಚಾರ್ಯರ ಶತಮಾನದಲ್ಲೇ ಬಗ್ದಾದಿನಲ್ಲಿದ್ದ ಅಲ್ ಖ್ವಾರಿಝ್ಮಿಯವರ ಬೀಜಗಣಿತದಲ್ಲಿ ವಾರೀಸುದಾರಿಕೆಯ ಲೆಕ್ಕಗಳಿಗೆ ದೊಡ್ಡ ಭಾಗವೇ ಇದೆ. ಪಾಲಿನ ಲೆಕ್ಕ ಬಾರದ ಹೆಣ್ಣು ತನ್ನ ಪಾಲು ಎಷ್ಟೆಂದು ಇತರರನ್ನು ಕೇಳಬೇಕಾಗುತ್ತದೆ.

ಮರುದಿನ ಆ ಹುಡುಗಿ ಎಲ್ಲರಿಗಿಂತ ಮೊದಲೇ ಬಂದಳು. ರಾತ್ರಿ ತಾಯಿಯೊಂದಿಗೆ ಕುಳಿತು ಒಂದುಗಳನ್ನು ಹೆಚ್ಚಿಸುತ್ತಾ ಹೋಗಿದ್ದಳಂತೆ. ಒಂಬತ್ತು ಒಂದುಗಳಿಗೆ 12345678987654321. ಹತ್ತಕ್ಕೆ ಬಂದಾಗ 1234567900987654321.

'ಟೀಚರ್, ನಡುವೆ ದಶಕ ಬಂತು, ಹಾರ ಹರಿಯಿತು' ಎಂದು ನೋಟ್‌ಪುಸ್ತಕ ಮುಂದಿಟ್ಟಳು.