ನರಕ್ಯಾ: ಕ್ಯಾನ್ಸರ್ ಔಷಧದ ಗಿಡ ಕಡಿದಾಗ ಕಾಡಿನಲ್ಲಿ ಕಳೆದುಹೋಗುವುದೇನು?

ಸಾತಾರಾ, ಕೊಲ್ಹಾಪುರ, ಸಿಂಧುದುರ್ಗ ಜಿಲ್ಲೆಗಳ ಘಟ್ಟದ ರಸ್ತೆಗಳಲ್ಲಿ ಅರಣ್ಯ ಸಿಬ್ಬಂದಿ ಆಗಾಗ ವಾಹನ ತಡೆದು ವಶಪಡಿಸಿಕೊಳ್ಳುವ ಒಂದು ಮಾಲು ತೇಗವೂ ಅಲ್ಲ, ಶ್ರೀಗಂಧವೂ ಅಲ್ಲ. ನೋಡಿದರೆ ಒಲೆಗೆ ಹಾಕುವ ಸೌದೆಯಂತೆ ಕಾಣುವ ಸಣ್ಣ ಕೊಂಬೆ, ಬೇರು, ತೊಗಟೆಯ ತುಂಡುಗಳು. ಮರಾಠಿಯಲ್ಲಿ ಇದಕ್ಕೆ ‘ನರಕ್ಯಾ’ ಎಂದು ಹೆಸರು. ಕನ್ನಡದಲ್ಲಿ ‘ದುರ್ವಾಸನೆ ಮರ’ ಎನ್ನುತ್ತಾರೆ. ಮಳೆಗಾಲದಲ್ಲಿ ಬಿಡುವ ಕೆನೆಬಣ್ಣದ ಪುಟ್ಟ ಹೂಗೊಂಚಲು ನೋಡಲು ಚೆಂದ, ಹತ್ತಿರ ಹೋದರೆ ಮೂಗು ಮುಚ್ಚಿಕೊಳ್ಳಬೇಕು. ಎರಡೂ ಹೆಸರು ಬಂದಿರುವುದು ಆ ವಾಸನೆಯಿಂದಲೇ.

ಸಸ್ಯಶಾಸ್ತ್ರಜ್ಞರು ಇದನ್ನು ನೊಥಪೊಡೈಟಿಸ್ ನಿಮ್ಮೋನಿಯಾನ ಎಂದು ಕರೆಯುತ್ತಾರೆ. ಜಾನ್ ಗ್ರಹಾಂ ಎಂಬವರು ಬಾಂಬೆ ಪ್ರಾಂತ್ಯದ ಸಸ್ಯಗಳ ಪಟ್ಟಿ ಮಾಡುತ್ತಿದ್ದಾಗಲೇ 1839ರಲ್ಲಿ ತೀರಿಕೊಂಡರು. ಅವರ ಪುಸ್ತಕವನ್ನು ಮುಗಿಸಿಕೊಟ್ಟವರು ಜೋಸೆಫ್ ನಿಮ್ಮೊ. ಗಿಡದ ಹೆಸರಿನಲ್ಲಿ ಉಳಿದಿರುವುದು ಆ ನಿಮ್ಮೊ. ಪಶ್ಚಿಮ ಘಟ್ಟದ ಉದ್ದಕ್ಕೂ ಮಹಾಬಳೇಶ್ವರ, ಅಂಬೋಲಿಯಿಂದ ಹಿಡಿದು ಕರ್ನಾಟಕದ ಮಲೆನಾಡು, ಕೇರಳ, ತಮಿಳುನಾಡಿನ ಬೆಟ್ಟಗಳವರೆಗೆ ಇದು ಬೆಳೆಯುತ್ತದೆ. ಶ್ರೀಲಂಕಾ ಮತ್ತು ಈಶಾನ್ಯ ಭಾರತದಲ್ಲೂ ಇದೆ. ಒಮ್ಮೆ ಪೊದೆಯಂತೆ, ಒಮ್ಮೆ ಸಣ್ಣ ಮರದಂತೆ ಇರುತ್ತದೆ. ಹಿಂದೆ ಯಾರೂ ತಿರುಗಿ ನೋಡದಿದ್ದ ಈ ಗಿಡ ಈಗ ಅಪಾಯದಲ್ಲಿರುವ ಔಷಧ ಸಸ್ಯಗಳ ಸಾಲಿನಲ್ಲಿ ನಿಂತಿದೆ. ಇದರ ತೊಗಟೆ, ಬೇರುಗಳಲ್ಲಿ ಇರುವ ‘ಕ್ಯಾಂಪ್ಟೋಥೆಸಿನ್’ ಎಂಬ ಒಂದೇ ಒಂದು ರಾಸಾಯನಿಕ ಅದಕ್ಕೆ ಕಾರಣ.

ನಂದುರ್ಬಾರ್‌ನಿಂದ ಅಮೆರಿಕಕ್ಕೆ, ಚೀನಾದಿಂದ ಗೋರೆಗಾಂವ್‌ಗೆ

ಕ್ಯಾಂಪ್ಟೋಥೆಸಿನ್ ಮೊದಲು ಸಿಕ್ಕಿದ್ದು ಭಾರತದ ಗಿಡದಲ್ಲಲ್ಲ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಮನ್ರೋ ವಾಲ್ ಮತ್ತು ಮನ್ಸುಖ್ ವಾನಿ 1966ರಲ್ಲಿ ಅದನ್ನು ಚೀನಾ ಮೂಲದ ಕ್ಯಾಂಪ್ಟೋಥೆಕಾ ಎಂಬ ಮರದಿಂದ ಬೇರ್ಪಡಿಸಿದರು. ವಾನಿ ಮಹಾರಾಷ್ಟ್ರದ ನಂದುರ್ಬಾರ್‌ನವರು, ಬಾಂಬೆ ವಿಶ್ವವಿದ್ಯಾಲಯದಲ್ಲಿ ಓದಿದವರು. ಟ್ಯಾಕ್ಸಾಲ್ ಎಂಬ ಇನ್ನೊಂದು ಪ್ರಸಿದ್ಧ ಕ್ಯಾನ್ಸರ್ ಔಷಧವೂ ಇದೇ ಜೋಡಿಯ ಶೋಧ.

ಆರು ವರ್ಷ ಕಳೆದು 1972ರಲ್ಲಿ ಟಿ.ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್ ಅದೇ ರಾಸಾಯನಿಕ ನಮ್ಮ ಘಟ್ಟದ ಗಿಡದಲ್ಲಿಯೂ ಇದೆ ಎಂದು ತೋರಿಸಿದರು. ಆಗ ಅದಕ್ಕೆ ಮಪ್ಪಿಯಾ ಫೀಟಿಡಾ ಎಂಬ ಹೆಸರಿತ್ತು. ಚೆನ್ನೈನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪಾಠ ಮಾಡಿದ್ದ ಗೋವಿಂದಾಚಾರಿ ಮುಂಬೈನ ಗೋರೆಗಾಂವ್‌ನಲ್ಲಿದ್ದ ಸಿಬಾ ಸಂಶೋಧನಾ ಕೇಂದ್ರವನ್ನು ಕಟ್ಟಿದವರು. ಆಗ ಈ ಸಂಶೋಧನೆ ದೊಡ್ಡ ಸುದ್ದಿಯಾಗಲಿಲ್ಲ. ಸುದ್ದಿಯಾಗಲು ಕಾರಣವೂ ಇರಲಿಲ್ಲ. 1970ರ ದಶಕದ ಆರಂಭದಲ್ಲಿ ರೋಗಿಗಳ ಮೇಲೆ ನಡೆದ ಪ್ರಯೋಗಗಳು ಮೂತ್ರಕೋಶದ ರಕ್ತಸ್ರಾವ, ವಿಪರೀತ ಭೇದಿಯಂಥ ಅಡ್ಡಪರಿಣಾಮಗಳಿಂದಾಗಿ ನಿಂತೇಹೋಗಿದ್ದವು.

ಬಾಗಿಲು ಮತ್ತೆ ತೆರೆದಿದ್ದು 1985ರಲ್ಲಿ. ಈ ರಾಸಾಯನಿಕ ಜೀವಕೋಶದಲ್ಲಿ ಎಲ್ಲಿ ಹೋಗಿ ಕೂರುತ್ತದೆ ಎಂಬುದು ಆಗ ಗೊತ್ತಾಯಿತು. ಜೀವಕೋಶ ವಿಭಜನೆಯಾಗುವ ಮುನ್ನ ಡಿಎನ್‌ಎಯ ನಕಲು ಆಗಬೇಕು. ಹೊಸೆದ ಹಗ್ಗದಂತಿರುವ ಡಿಎನ್‌ಎಯನ್ನು ಬಿಚ್ಚುತ್ತಾ ಹೋದರೆ ಮುಂದೆ ಮುಂದೆ ಗಂಟು ಬಿಗಿಯಾಗುತ್ತದೆ. ಟೊಪೊಐಸೊಮರೇಸ್-1 ಎಂಬ ಕಿಣ್ವ ಹಗ್ಗದ ಒಂದು ಎಳೆಯನ್ನು ಕತ್ತರಿಸಿ, ಬಿಗಿ ಸಡಿಲಿಸಿ, ಮತ್ತೆ ಬೆಸೆಯುತ್ತದೆ. ಕ್ಯಾಂಪ್ಟೋಥೆಸಿನ್ ಆ ಕತ್ತರಿಸಿದ ಜಾಗದಲ್ಲಿ ಸಿಕ್ಕಿಕೊಂಡು ಬೆಸುಗೆ ಬೀಳದಂತೆ ಮಾಡುತ್ತದೆ. ಬೇಗ ಬೇಗ ವಿಭಜನೆಯಾಗುವ ಕ್ಯಾನ್ಸರ್ ಕೋಶಗಳಿಗೆ ಇದರ ಪೆಟ್ಟು ಹೆಚ್ಚು.

ಇದು ತಿಳಿದ ಮೇಲೆ ಮೂಲ ರಾಸಾಯನಿಕವನ್ನು ಅಲ್ಪಸ್ವಲ್ಪ ಬದಲಿಸಿ ಎರಡು ಔಷಧಗಳನ್ನು ಮಾಡಿದರು. ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಇರಿನೊಟೆಕಾನ್, ಅಂಡಾಶಯ ಮತ್ತು ಶ್ವಾಸಕೋಶದ ಕೆಲವು ಕ್ಯಾನ್ಸರ್‌ಗಳಿಗೆ ಟೊಪೊಟೆಕಾನ್. ಎರಡಕ್ಕೂ ಅಮೆರಿಕದ ಎಫ್‌ಡಿಎ 1996ರಲ್ಲಿ ಒಪ್ಪಿಗೆ ಕೊಟ್ಟಿತು. ಇರಿನೊಟೆಕಾನ್ 2015ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿದೆ. ಕಳೆದ ಕೆಲವು ವರ್ಷಗಳಲ್ಲಿ ಸ್ತನ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಹೆಸರು ಮಾಡಿರುವ ಟ್ರಾಸ್ಟುಜುಮಾಬ್ ಡೆರುಕ್ಸ್‌ಟೆಕಾನ್ ಎಂಬ ದುಬಾರಿ ಚುಚ್ಚುಮದ್ದು ಕೂಡ ಇದೇ ವಂಶದ್ದು. ಕ್ಯಾನ್ಸರ್ ಕೋಶವನ್ನು ಹುಡುಕಿಕೊಂಡು ಹೋಗುವ ಪ್ರತಿಕಾಯ ಒಂದು ಭಾಗ, ಅದು ಹೊತ್ತೊಯ್ಯುವ ವಿಷ ಇನ್ನೊಂದು ಭಾಗ. ಆ ವಿಷ ಕ್ಯಾಂಪ್ಟೋಥೆಸಿನ್‌ನ ಸಂಬಂಧಿ.

ಹಾಗೆಂದು ಹೊಸ ಔಷಧ ಬಂದಂತೆಲ್ಲ ಘಟ್ಟದ ಗಿಡಕ್ಕೆ ಕೊಡಲಿ ಬೀಳುತ್ತದೆ ಎನ್ನಲಾಗದು. ಈ ಹೊಸ ಔಷಧದ ವಿಷಭಾಗವನ್ನು ಪ್ರಯೋಗಾಲಯದಲ್ಲೇ ಕಟ್ಟಬಹುದು, ಬೇಕಾಗುವ ಪ್ರಮಾಣವೂ ತೀರಾ ಕಡಿಮೆ. ಒತ್ತಡ ಬರುವುದು ಮುಖ್ಯವಾಗಿ ಇರಿನೊಟೆಕಾನ್, ಟೊಪೊಟೆಕಾನ್‌ನಂಥ ಹಳೆಯ, ಅಗ್ಗವಾದ, ಹೆಚ್ಚು ರೋಗಿಗಳಿಗೆ ಬೇಕಾಗುವ ಔಷಧಗಳಿಂದ. ಅವುಗಳ ಕಚ್ಚಾವಸ್ತು ಇಂದಿಗೂ ಬಹುಪಾಲು ಗಿಡದಿಂದಲೇ ಬರುತ್ತದೆ. ಲೆಕ್ಕ ಸರಳ. ಒಣ ಮಾಲಿನಲ್ಲಿ ಶೇ. 0.3ರಷ್ಟು ಕ್ಯಾಂಪ್ಟೋಥೆಸಿನ್ ಇದೆ ಎಂದಿಟ್ಟುಕೊಂಡರೂ 1 ಟನ್‌ನಿಂದ ಸಿಗುವುದು 3 ಕಿಲೋ. ಆ 1 ಟನ್ ಒಣಗಿದ ಮೇಲಿನ ತೂಕ ಎಂಬುದು ನೆನಪಿರಲಿ.

ಎಲ್ಲ ಗಿಡವೂ ಒಂದೇ ಅಲ್ಲ

ಇಲ್ಲಿಂದ ಮುಂದಿನದು ವಂಶವಾಹಿಗಳ ಕತೆ. ಕಳ್ಳಸಾಗಣೆಯ ಸುದ್ದಿಗಳಲ್ಲಿ ಬಾರದೇ ಹೋಗುವ ಭಾಗವೂ ಇದೇ.

ಮೊದಲಿಗೆ ಒಂದು ಪ್ರಶ್ನೆ. ಡಿಎನ್‌ಎ ಬೆಸುಗೆಯನ್ನೇ ಕೆಡಿಸುವ ವಿಷವನ್ನು ತನ್ನ ಮೈಯಲ್ಲಿ ತುಂಬಿಕೊಂಡ ಗಿಡ ತಾನು ಸಾಯದೆ ಉಳಿಯುವುದು ಹೇಗೆ? ಚೀನಾದ ಕ್ಯಾಂಪ್ಟೋಥೆಕಾ ಮರ ಮತ್ತು ಓಫಿಯೊರೈಜಾ ಎಂಬ ಸಣ್ಣ ಗಿಡಗಳ ಮೇಲೆ ಜಪಾನಿನ ವಿಜ್ಞಾನಿಗಳು ನಡೆಸಿದ ಅಧ್ಯಯನ 2008ರಲ್ಲಿ ಉತ್ತರ ಕೊಟ್ಟಿತು. ಈ ಗಿಡಗಳ ಟೊಪೊಐಸೊಮರೇಸ್ ಕಿಣ್ವದಲ್ಲಿ 722ನೇ ಸ್ಥಾನದ ಅಮೈನೋ ಆಮ್ಲ ಬದಲಾಗಿದೆ. ಆಸ್ಪರಜೀನ್ ಇರಬೇಕಾದಲ್ಲಿ ಸೆರೀನ್ ಇದೆ. ಆ ಒಂದು ಬದಲಾವಣೆ ಸಾಕು, ವಿಷ ನಾಟುವುದಿಲ್ಲ. ಬೆರಗು ಹುಟ್ಟಿಸುವ ಸಂಗತಿಯೆಂದರೆ, ಕ್ಯಾಂಪ್ಟೋಥೆಸಿನ್‌ಗೆ ಜಗ್ಗದ ಮನುಷ್ಯರ ಕ್ಯಾನ್ಸರ್ ಕೋಶಗಳಲ್ಲೂ ಅದೇ ಜಾಗದಲ್ಲಿ ಅದೇ ಬದಲಾವಣೆ ಈ ಮೊದಲೇ ಕಂಡುಬಂದಿತ್ತು. ಗಿಡ ಕಂಡುಕೊಂಡ ಉಪಾಯವನ್ನೇ ಗೆಡ್ಡೆಯೂ ಕಂಡುಕೊಂಡಿತ್ತು. ಔಷಧ ಕೆಲಸ ಮಾಡದ ರೋಗಿಗಳಲ್ಲಿ ಏನಾಗುತ್ತಿದೆ ಎಂದು ತಿಳಿಯಲು ಇಂಥ ಗಿಡಗಳ ವಂಶವಾಹಿ ಓದುವುದು ಯಾಕೆ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಎರಡನೆಯದು ನೇರವಾಗಿ ನಮ್ಮ ಘಟ್ಟಕ್ಕೆ ಸಂಬಂಧಿಸಿದ್ದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಆರ್. ಉಮಾಶಂಕರ್, ಕೆ.ಎನ್. ಗಣೇಶಯ್ಯ ಮತ್ತು ಅವರ ಸಹೋದ್ಯೋಗಿಗಳು 2000ದ ದಶಕದಲ್ಲಿ ಪಶ್ಚಿಮ ಘಟ್ಟದ ಬೇರೆ ಬೇರೆ ಕಡೆಯ ನರಕ್ಯಾ ಗಿಡಗಳನ್ನು ಪರೀಕ್ಷಿಸಿದರು. (ಗಣೇಶಯ್ಯ ಎಂದೊಡನೆ ಕನ್ನಡ ಓದುಗರಿಗೆ ರೋಚಕ ಕಾದಂಬರಿಗಳು ನೆನಪಾಗಬಹುದು. ಅವರೇ ಇವರು.) ಕ್ಯಾಂಪ್ಟೋಥೆಸಿನ್ ಪ್ರಮಾಣ ಒಂದು ಕಾಡಿನಿಂದ ಇನ್ನೊಂದು ಕಾಡಿಗೆ ಮಾತ್ರವಲ್ಲ, ಅಕ್ಕಪಕ್ಕದ ಗಿಡಗಳ ನಡುವೆಯೂ ಹಲವು ಪಟ್ಟು ಬೇರೆಯಾಗಿರುತ್ತದೆ ಎಂಬುದು ಆ ಕೆಲಸದಿಂದ ಸ್ಪಷ್ಟವಾಯಿತು. ಹತ್ತು ಗಿಡ ಕಡಿದರೂ ಸಿಗದಷ್ಟು ಸಾರ ಕೆಲವೊಮ್ಮೆ ಒಂದೇ ಗಿಡದಲ್ಲಿ ಇರಬಹುದು. ಹೊರಗಿನಿಂದ ನೋಡಿದರೆ ಯಾವುದು ಯಾವುದೆಂದು ಹೇಳುವಂತಿಲ್ಲ.

ಇದರ ಜೊತೆಗೆ ಇನ್ನೊಂದು ತೊಡಕಿದೆ. ನರಕ್ಯಾದಲ್ಲಿ ಗಂಡು ಹೂ ಬಿಡುವ ಗಿಡ ಬೇರೆ, ಹೆಣ್ಣು ಹೂ ಬಿಡುವ ಗಿಡ ಬೇರೆ, ಎರಡೂ ಗುಣ ಇರುವ ಗಿಡ ಬೇರೆ ಇರುತ್ತವೆ. ಶಿರಸಿಯ ಅರಣ್ಯ ಮಹಾವಿದ್ಯಾಲಯ ಮತ್ತು ಬೆಂಗಳೂರಿನ ವಿಜ್ಞಾನಿಗಳು ಇದನ್ನು 2002ರಲ್ಲೇ ದಾಖಲಿಸಿದ್ದಾರೆ. ಒಂದು ಗುಡ್ಡದಲ್ಲಿ ನೂರು ಗಿಡ ಉಳಿದಿವೆ ಎಂದರೆ ಬೀಜ ಕಟ್ಟುವ ನೂರು ಗಿಡ ಉಳಿದಿವೆ ಎಂದು ಅರ್ಥವಲ್ಲ. ಕಡಿತದಲ್ಲಿ ಹೆಣ್ಣು ಗಿಡಗಳು ಹೆಚ್ಚು ಹೋದರೆ ಆ ಗುಡ್ಡ ನೋಡಲು ಹಸಿರಾಗಿಯೇ ಇರುತ್ತದೆ, ಮುಂದಿನ ತಲೆಮಾರು ಮಾತ್ರ ಹುಟ್ಟುವುದಿಲ್ಲ. ಬೇರು ಸಮೇತ ಕಿತ್ತರಂತೂ ಬುಡದಿಂದ ಮತ್ತೆ ಚಿಗುರುವ ಅವಕಾಶವೂ ಇಲ್ಲ.

ಗಿಡಗಳ ನಡುವಿನ ಈ ವ್ಯತ್ಯಾಸವೇ ಆಸ್ತಿ. ತೋಟದಲ್ಲಿ ಬೆಳೆಸಲು ಹೆಚ್ಚು ಸಾರವುಳ್ಳ ತಳಿ ಬೇಕೆಂದರೆ ಅದನ್ನು ಆರಿಸಬೇಕಾದದ್ದು ಕಾಡಿನಿಂದಲೇ. ತೂಕದ ಲೆಕ್ಕದಲ್ಲಿ ಮಾಲು ಸಾಗಿಸುವ ವ್ಯಾಪಾರದಲ್ಲಿ ಯಾವ ಗಿಡದಲ್ಲಿ ಏನಿತ್ತು ಎಂದು ಯಾರೂ ಬರೆದಿಡುವುದಿಲ್ಲ. ಅತ್ಯುತ್ತಮ ಗಿಡವೂ ಅತಿ ಕಳಪೆ ಗಿಡವೂ ಒಂದೇ ಚೀಲದಲ್ಲಿ ಹೋಗುತ್ತವೆ. ಕಳ್ಳಸಾಗಣೆಯ ನಷ್ಟವನ್ನು ವಶಪಡಿಸಿಕೊಂಡ ಮಾಲಿನ ಬೆಲೆಯಲ್ಲಿ ಅಳೆಯುವ ವಾಡಿಕೆ ಹಾಗಾಗಿ ದಾರಿ ತಪ್ಪಿಸುತ್ತದೆ.

ಶಿಲೀಂಧ್ರದ ಆಸೆ, ಆಮೇಲಿನ ನಿರಾಸೆ

ಗಿಡ ಕಡಿಯದೆ ಔಷಧ ಪಡೆಯುವ ದಾರಿ ಇಲ್ಲವೇ? 2005ರಲ್ಲಿ ಜಮ್ಮುವಿನ ಪ್ರಾದೇಶಿಕ ಸಂಶೋಧನಾ ಪ್ರಯೋಗಾಲಯದವರು ನರಕ್ಯಾದ ಒಳಗೆ ವಾಸಿಸುವ ಒಂದು ಶಿಲೀಂಧ್ರವೇ ಕ್ಯಾಂಪ್ಟೋಥೆಸಿನ್ ತಯಾರಿಸುತ್ತದೆ ಎಂದು ವರದಿ ಮಾಡಿದಾಗ ದೊಡ್ಡ ಆಸೆ ಹುಟ್ಟಿತ್ತು. ಬಿಯರ್ ಹುದುಗಿಸುವಂತೆ ತೊಟ್ಟಿಯಲ್ಲಿ ಶಿಲೀಂಧ್ರ ಬೆಳೆಸಿದರೆ ಕಾಡಿನ ಗೊಡವೆಯೇ ಬೇಡ. ಆದರೆ ಗಿಡದಿಂದ ಹೊರತೆಗೆದು ಪ್ರಯೋಗಾಲಯದಲ್ಲಿ ಮತ್ತೆ ಮತ್ತೆ ಬೆಳೆಸಿದಾಗ ಇಂಥ ಶಿಲೀಂಧ್ರಗಳು ಆ ಗುಣವನ್ನು ಕಳೆದುಕೊಳ್ಳುತ್ತವೆ. ಕ್ಯಾಂಪ್ಟೋಥೆಕಾ ಮರದ ಶಿಲೀಂಧ್ರವೊಂದರ ಮೇಲೆ ಜರ್ಮನಿಯಲ್ಲಿ ನಡೆದ ಕೆಲಸ ಕಾರಣವನ್ನು ಹೇಳಿತು. ತಯಾರಿಕೆಯ ನಡುವಿನ ಒಂದು ಮುಖ್ಯ ಹಂತಕ್ಕೆ ಬೇಕಾದ ಕಿಣ್ವ ಶಿಲೀಂಧ್ರದಲ್ಲಿಲ್ಲ, ಅದು ಆಶ್ರಯ ಕೊಟ್ಟ ಗಿಡದ್ದನ್ನೇ ಬಳಸಿಕೊಳ್ಳುತ್ತದೆ. ಮತ್ತೆ ಗಿಡಕ್ಕೇ ಬಂದು ನಿಂತಂತಾಯಿತು.

ಹಾಗಾಗಿ ಈಗ ಗಮನ ಗಿಡದ ವಂಶವಾಹಿಗಳ ಮೇಲಿದೆ. ನರಕ್ಯಾದ ಕಾಂಡದಲ್ಲಿ ಯಾವ ಯಾವ ವಂಶವಾಹಿಗಳು ಚುರುಕಾಗಿವೆ ಎಂಬ ವಿಶ್ಲೇಷಣೆ 2016ರಲ್ಲಿ ಪ್ರಕಟವಾಯಿತು. ಕ್ಯಾಂಪ್ಟೋಥೆಕಾ ಮತ್ತು ಓಫಿಯೊರೈಜಾ ಎರಡರ ಸಂಪೂರ್ಣ ಜೀನೋಮ್ ವರ್ಣತಂತುಗಳ ಮಟ್ಟದಲ್ಲಿ 2021ರಲ್ಲಿ ಹೊರಬಂತು. ಈ ಮೂರೂ ಗಿಡಗಳು ಹತ್ತಿರದ ನೆಂಟರಲ್ಲ, ಬೇರೆ ಬೇರೆ ಕುಟುಂಬದವು. ಒಂದೇ ರಾಸಾಯನಿಕಕ್ಕೆ ಅವು ಹಿಡಿದ ದಾರಿಗಳನ್ನು ಹೋಲಿಸಿ ನೋಡಿದರೆ ಯೀಸ್ಟ್‌ನಂಥ ಜೀವಿಗೆ ಇಡೀ ಕೆಲಸ ಕಲಿಸುವುದು ಸಾಧ್ಯವಾಗಬಹುದು. ಆ ದಿನ ಬರುವವರೆಗೆ ಕಾಡಿನ ಗಿಡಗಳು ಉಳಿದಿರಬೇಕು.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ‘ಕ್ಯಾನ್ಸರ್ ಗುಣಪಡಿಸುವ ಗಿಡ’ ಎಂದ ಮಾತ್ರಕ್ಕೆ ಇದರ ತೊಗಟೆಯ ಕಷಾಯ ಔಷಧವಲ್ಲ. 1970ರ ದಶಕದ ಪ್ರಯೋಗ ನಿಂತಿದ್ದು ಶುದ್ಧೀಕರಿಸಿದ ರಾಸಾಯನಿಕವೇ ರೋಗಿಗಳನ್ನು ಹಣ್ಣುಮಾಡಿದ್ದರಿಂದ. ಇಂದಿಗೂ ಇರಿನೊಟೆಕಾನ್ ಕೊಡುವಾಗ ವೈದ್ಯರು ರಕ್ತಕಣಗಳ ಸಂಖ್ಯೆ, ಭೇದಿಯ ಮೇಲೆ ಕಣ್ಣಿಟ್ಟಿರುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಸಲಹೆ ನಂಬಿ ಬೇರು ಕುದಿಸಿ ಕುಡಿಯುವುದು ಅಪಾಯ.

ಕಾನೂನಿನ ಹೊಸ ಬಾಗಿಲು

ಜೀವವೈವಿಧ್ಯ ಕಾಯ್ದೆ 2002ರದ್ದು. ಚೆನ್ನೈನಲ್ಲಿ ರಾಷ್ಟ್ರೀಯ ಪ್ರಾಧಿಕಾರ, ರಾಜ್ಯಗಳಲ್ಲಿ ಮಂಡಳಿ, ಊರುಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಎಂಬ ಮೂರು ಹಂತದ ವ್ಯವಸ್ಥೆ ಅದರದು. 2023ರಲ್ಲಿ ಸಂಸತ್ತು ಇದಕ್ಕೆ ತಿದ್ದುಪಡಿ ತಂದಿತು, 2024ರ ಏಪ್ರಿಲ್‌ನಿಂದ ಅದು ಜಾರಿಯಲ್ಲಿದೆ. ಜೈಲುಶಿಕ್ಷೆಯ ಜಾಗದಲ್ಲಿ 1 ಲಕ್ಷದಿಂದ 50 ಲಕ್ಷ ರೂಪಾಯಿವರೆಗಿನ ದಂಡ ಬಂದಿದೆ. ಕೃಷಿ ಮಾಡಿ ಬೆಳೆದ ಔಷಧ ಸಸ್ಯಗಳಿಗೆ ಲಾಭ ಹಂಚಿಕೆಯ ನಿಯಮದಿಂದ ವಿನಾಯಿತಿ ಸಿಕ್ಕಿದೆ. ಅರಣ್ಯ ಕಾಯ್ದೆಗಳು ಹಾಗೆಯೇ ಇವೆ, ಕಾಡಿನಲ್ಲಿ ಕಡಿದರೆ ಇಂದಿಗೂ ಅಪರಾಧವೇ.

ಬೆಳೆಗಾರನಿಗೆ ಉತ್ತೇಜನ ಕೊಡುವುದು ತಪ್ಪಲ್ಲ. ನರಕ್ಯಾದ ಮಟ್ಟಿಗೆ ಅದೇ ಬೇಕಾದದ್ದು. ತೊಡಕಿರುವುದು ಪುರಾವೆಯಲ್ಲಿ. ಇದು ಬೆಳೆದದ್ದೇ, ಕಾಡಿನದಲ್ಲ ಎಂಬ ಮೂಲ ಪ್ರಮಾಣಪತ್ರ ಊರಿನ ಸಮಿತಿಯಿಂದ ಬರಬೇಕು. ಕಾಡಂಚಿನ ಹಳ್ಳಿಯ ಸಮಿತಿಯ ಮುಂದೆ ತೋಟದ ಮಾಲು, ಕಾಡಿನ ಮಾಲು ಎರಡನ್ನೂ ಸುರಿದರೆ ತೊಗಟೆಯ ಚೂರು ನೋಡಿ ಗುರುತಿಸುವುದು ಯಾರಿಂದಲೂ ಆಗದು. ಸಮಿತಿಗೆ ಪ್ರಯೋಗಾಲಯವಿಲ್ಲ, ಬಹಳ ಕಡೆ ಕಚೇರಿಯೂ ಇಲ್ಲ. ಪ್ರಮಾಣಪತ್ರ ಬರೀ ಕಾಗದವಾದರೆ ಕಳ್ಳಮಾಲಿಗೆ ಅದೇ ರಹದಾರಿ.

ಇದಕ್ಕೆ ಉತ್ತರ ಮತ್ತೆ ವಂಶವಾಹಿಗಳಲ್ಲೇ ಇದೆ. ತೋಟಕ್ಕೆ ಕೊಡುವ ಸಸಿಗಳು ಗುರುತಿಸಿದ ಕೆಲವೇ ತಾಯಿಗಿಡಗಳಿಂದ ಬಂದಿದ್ದರೆ, ಅವುಗಳ ಡಿಎನ್‌ಎ ಗುರುತನ್ನು ಮೊದಲೇ ದಾಖಲಿಸಿಟ್ಟುಕೊಂಡರೆ, ಚೀಲದ ಮಾಲು ಆ ಸಾಲಿನದೋ ಅಲ್ಲವೋ ಎಂದು ಪರೀಕ್ಷಿಸಿ ಹೇಳಬಹುದು. ಪ್ರತಿ ಚೀಲಕ್ಕೂ ಬೇಕಿಲ್ಲ, ಕಾರ್ಖಾನೆಯ ಬಾಗಿಲಲ್ಲಿ ಆಗೊಮ್ಮೆ ಈಗೊಮ್ಮೆ ಮಾಡಿದರೆ ಸಾಕು. ಖರ್ಚನ್ನು ಹೊರಬೇಕಾದವರು ಕಚ್ಚಾವಸ್ತು ಕೊಳ್ಳುವ ಕಂಪನಿಗಳು, ಗುಡ್ಡದ ಮೇಲಿನ ಬೆಳೆಗಾರರಲ್ಲ.

ತಾಯಿಗಿಡ ಆರಿಸುವಾಗಲೂ ಒಂದು ಅಪಾಯವಿದೆ. ಎಲ್ಲರಿಗೂ ಒಂದೇ ‘ಉತ್ತಮ’ ತಳಿ ಹಂಚಿದರೆ ಒಂದು ರೋಗ ಬಂದಾಗ ಎಲ್ಲ ತೋಟವೂ ಒಟ್ಟಿಗೆ ಹೋಗುತ್ತದೆ. ಉಮಾಶಂಕರ್, ಗಣೇಶಯ್ಯ 1990ರ ದಶಕದಲ್ಲೇ ನೆಲ್ಲಿಯನ್ನು ಮುಂದಿಟ್ಟುಕೊಂಡು ‘ಅರಣ್ಯ ವಂಶವಾಹಿ ಬ್ಯಾಂಕ್’ ಎಂಬ ಕಲ್ಪನೆ ಕೊಟ್ಟಿದ್ದರು. ಬೀಜವನ್ನು ತಣ್ಣನೆಯ ಪೆಟ್ಟಿಗೆಯಲ್ಲಿ ಇಡುವ ಬದಲು, ಬೇರೆ ಬೇರೆ ಕಡೆಯ ವಂಶವಾಹಿಗಳನ್ನು ಒಂದು ಸುರಕ್ಷಿತ ಕಾಡಿಗೆ ತಂದು ಅಲ್ಲಿನ ಗಿಡಗಳೊಂದಿಗೆ ಬೆರೆಯಲು ಬಿಡುವುದು. ನರಕ್ಯಾಕ್ಕೆ ಹೇಳಿ ಮಾಡಿಸಿದಂಥ ಉಪಾಯ ಇದು. ಆದರೆ ಈ ಗಿಡ ಮಹಾರಾಷ್ಟ್ರ, ಕರ್ನಾಟಕ, ಕೇರಳ, ತಮಿಳುನಾಡು ನಾಲ್ಕೂ ಕಡೆ ಹಂಚಿಹೋಗಿದೆ, ಒಂದು ರಾಜ್ಯದ ಬೀಜ ಇನ್ನೊಂದು ರಾಜ್ಯದ ಕಾಡಿಗೆ ಹೋಗಬೇಕೆಂದರೆ ಅಷ್ಟೂ ಅರಣ್ಯ ಇಲಾಖೆಗಳು ಮತ್ತು ಜೀವವೈವಿಧ್ಯ ಮಂಡಳಿಗಳು ಒಂದೇ ಮೇಜಿನ ಸುತ್ತ ಕೂರಬೇಕು. ಅಂಥ ಸಭೆಯನ್ನು ಕರೆಯಲು ಎಲ್ಲರಿಗಿಂತ ಅನುಕೂಲವಿರುವುದು ಚೆನ್ನೈನ ಪ್ರಾಧಿಕಾರಕ್ಕೆ.